ಮಾಜಿ ಸೈನಿಕರ ಡಿಸ್ಚಾರ್ಜ್ ಪುಸ್ತಕ ಮತ್ತು ಹೆಸರಿನ ತಪ್ಪು



ನಮ್ಮ ಆದೋನಿ, ಆಲೂರು, ಕೌತಾಳಂ, ಹೊಳಗುಂದ, ಕೋಸಿಗಿ ಕಡೆಯ ಊರುಗಳಲ್ಲಿ ಮಿಲಿಟರಿಗೆ ಹೋಗಿ ಬಂದವರು ಅಲ್ಲಲ್ಲಿ ಇದ್ದಾರೆ. ಊರಿನವರು ಅವರನ್ನು ಮಿಲ್ಟ್ರಿ ಮಾಮ, ಮಿಲ್ಟ್ರಿ ತಾತ ಎಂದು ಕರೆಯುತ್ತಾರೆ. ಅವರ ಮನೆಯ ಟ್ರಂಕಿನಲ್ಲಿ ಸಣ್ಣದೊಂದು ಪುಸ್ತಕ ಇರುತ್ತದೆ. ಅದೇ ಡಿಸ್ಚಾರ್ಜ್ ಪುಸ್ತಕ. ಸೈನಿಕನ ನಂಬರು, ಹೆಸರು, ತಂದೆಯ ಹೆಸರು, ಹುಟ್ಟಿದ ತಾರೀಖು, ಊರು, ಸೇರಿದ ದಿನ, ಬಿಟ್ಟ ದಿನ, ಬಿಟ್ಟ ಕಾರಣ, ಹೆಂಡತಿ ಮಕ್ಕಳ ಹೆಸರು ಎಲ್ಲವೂ ಅದರಲ್ಲಿರುತ್ತವೆ. ಆ ಪುಸ್ತಕದಲ್ಲಿ ತಪ್ಪು ಇದ್ದರೆ ಏನಾಗುತ್ತದೆ, ಅದನ್ನು ಹೇಗೆ ತಿದ್ದಿಸಬೇಕು ಎಂಬುದೇ ಇವತ್ತಿನ ಮಾತು.

ನಾನು ಮೆಟ್ರಿಕ್‌ವರೆಗೆ ಓದಿ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಪಿಂಚಣಿ ಕೌಂಟರಿನಲ್ಲಿ ಬಹಳ ವರ್ಷ ಕೆಲಸ ಮಾಡಿದ್ದೇನೆ. ನವೆಂಬರ್ ತಿಂಗಳು ಬಂತೆಂದರೆ ಜೀವಂತ ಪ್ರಮಾಣಪತ್ರ ಕೊಡಲು ಹಳೆಯ ಸೈನಿಕರೂ, ಸೈನಿಕರ ವಿಧವೆಯರೂ ಸಾಲಾಗಿ ಬರುತ್ತಿದ್ದರು. ಅಲ್ಲಿ ಕಂಡದ್ದನ್ನೇ ನಿಮ್ಮ ಮುಂದೆ ಇಡುತ್ತೇನೆ.

ಮೊದಲು ಈ ತಪ್ಪುಗಳು ಎಲ್ಲಿಂದ ಬರುತ್ತವೆ ನೋಡೋಣ. ನಮ್ಮದು ಎರಡು ಭಾಷೆಯ ಸೀಮೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು. ಭರ್ತಿಯ ದಿನ ಹುಡುಗ ತನ್ನ ಹೆಸರನ್ನು ಬಾಯಲ್ಲಿ ಹೇಳುತ್ತಾನೆ. ಬರೆದುಕೊಳ್ಳುವವರು ಬೇರೆ ಸೀಮೆಯವರು, ಬರೆಯುವುದು ಇಂಗ್ಲಿಷ್ ಅಕ್ಷರದಲ್ಲಿ. ಉರುಕುಂದಿ ಈರಣ್ಣಸ್ವಾಮಿಯ ಹೆಸರಿನಲ್ಲಿ ನಮ್ಮಲ್ಲಿ ಎಷ್ಟೋ ಜನ ಉರುಕುಂದಪ್ಪಗಳಿದ್ದಾರೆ. ಅದೇ ಹೆಸರು ಒಂದು ಕಾಗದದಲ್ಲಿ ಉರುಕುಂದಪ್ಪ, ಇನ್ನೊಂದರಲ್ಲಿ ಉರುಕುಂದು, ಮತ್ತೊಂದರಲ್ಲಿ ವುರುಕುಂದಪ್ಪ. ಈರಣ್ಣ ಹೋಗಿ ವೀರಣ್ಣ ಆಗುತ್ತಾನೆ. ಎಲ್ಲಮ್ಮನನ್ನು ಇಂಗ್ಲಿಷಿನ ಇ ಅಕ್ಷರದಿಂದ ಬರೆದರೆ ಒಬ್ಬಳು, ವೈ ಅಕ್ಷರದಿಂದ ಬರೆದರೆ ಇನ್ನೊಬ್ಬಳು. ಇದರ ಮೇಲೆ ತೆಲುಗಿನ ಪದ್ಧತಿಯಂತೆ ಮನೆತನದ ಹೆಸರೋ ಕುಲದ ಹೆಸರೋ ಮುಂದೆ ಬಂದು ಕೂರುತ್ತದೆ. ನಾವು ದೊಡ್ಡ ಎನ್ನುವ ಊರು ಸರ್ಕಾರಿ ಕಾಗದದಲ್ಲಿ ಪೆದ್ದ ಆಗಿರುತ್ತದೆ.

ಜಿಲ್ಲೆಯ ಕಥೆಯೂ ಹೀಗೆಯೇ. ಆದೋನಿ ಮತ್ತು ಆಲೂರು ತಾಲ್ಲೂಕುಗಳು ಮೊದಲು ಬಳ್ಳಾರಿ ಜಿಲ್ಲೆಯಲ್ಲಿದ್ದವು, ಮದರಾಸು ರಾಜ್ಯಕ್ಕೆ ಸೇರಿದ್ದವು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವಾದಾಗ ಈ ಎರಡು ತಾಲ್ಲೂಕುಗಳೂ ರಾಯದುರ್ಗವೂ ಆಂಧ್ರಕ್ಕೆ ಬಂದವು, ಬಳ್ಳಾರಿ ಮೈಸೂರಿಗೆ ಹೋಯಿತು. 1956ರಲ್ಲಿ ಆಂಧ್ರಪ್ರದೇಶವಾಯಿತು. 1985ರಲ್ಲಿ ಮಂಡಲಗಳು ಬಂದವು. ಹೀಗಾಗಿ 1953ಕ್ಕಿಂತ ಮೊದಲು ಸೈನ್ಯಕ್ಕೆ ಸೇರಿದ ನಮ್ಮೂರಿನವನ ಕಾಗದದಲ್ಲಿ ಬಳ್ಳಾರಿ ಜಿಲ್ಲೆ ಎಂದಿರುತ್ತದೆ, ಅವನ ಹೆಂಡತಿಯ ರೇಷನ್ ಕಾರ್ಡಿನಲ್ಲಿ ಕರ್ನೂಲು ಜಿಲ್ಲೆ. ಇಬ್ಬರೂ ಇದ್ದದ್ದು ಅದೇ ಮನೆಯಲ್ಲಿ. ಆದರೆ ದೂರದ ಕಚೇರಿಯಲ್ಲಿ ಕುಳಿತವರಿಗೆ ಇದು ಹೇಗೆ ತಿಳಿಯಬೇಕು?

ಗಂಡ ಬದುಕಿರುವವರೆಗೆ ಇದು ದೊಡ್ಡದಾಗಿ ಕಾಣುವುದಿಲ್ಲ. ತಿಂಗಳ ಪಿಂಚಣಿ ಬರುತ್ತಿರುತ್ತದೆ. ಪೆಟ್ಟು ಬೀಳುವುದು ಅವನು ಹೋದ ಮೇಲೆ, ಹೆಂಡತಿಯ ಮೇಲೆ. ಒಬ್ಬ ಹವಾಲ್ದಾರರು ತೀರಿಕೊಂಡ ಮೇಲೆ ಅವರ ಹೆಂಡತಿ ಕುಟುಂಬ ಪಿಂಚಣಿಗೆಂದು ನಮ್ಮ ಕೌಂಟರಿಗೆ ಬಂದರು. ಪಿಂಚಣಿ ಆದೇಶದಲ್ಲಿದ್ದದ್ದು ಅವರ ತವರುಮನೆಯ ಹೆಸರು. ರೇಷನ್ ಕಾರ್ಡ್, ಓಟಿನ ಚೀಟಿ ಎಲ್ಲದರಲ್ಲೂ ಅತ್ತೆಮನೆಯವರು ಕರೆದ ಹೆಸರು. ನಾನು ಕಾಗದದಲ್ಲಿದ್ದ ಹೆಸರನ್ನು ಓದಿ ಹೇಳಿದೆ. ಆಕೆ, "ಅದು ನಮ್ಮವ್ವ ಇಟ್ಟ ಹೆಸರಪಾ. ಮದಿವಿ ಆದ ಮ್ಯಾಲೆ ಯಾರೂ ಹಂಗ ಕರದೇ ಇಲ್ಲ. ಇಬ್ಬರೂ ನಾನ," ಎಂದರು. "ಹೌದಮ್ಮಾ, ನೀವೇ ಅಂತ ನನಗೆ ಗೊತ್ತು. ಆದರೆ ಕಾಗದಕ್ಕೆ ಗೊತ್ತಾಗಬೇಕು," ಎಂದೆ. ಬ್ಯಾಂಕಿಗೆ ಆ ಆದೇಶದ ಒಂದು ಅಕ್ಷರವನ್ನೂ ತಿದ್ದುವ ಅಧಿಕಾರ ಇರಲಿಲ್ಲ. ಎರಡು ವರ್ಷ ಆಕೆ ಹತ್ತಿ ಬಿಡಿಸುವ ಕೂಲಿಗೆ ಹೋದರು. ಕೊನೆಗೆ ಸೈನ್ಯದ ದಾಖಲೆ ಕಚೇರಿಯಲ್ಲಿ ಮದುವೆಯ ವರ್ಷ ಬರೆಸಿದ್ದ ಹಳೆಯ ನಮೂದು ಸಿಕ್ಕಿತು. ಅದರಲ್ಲಿ ಆಕೆಯ ತಂದೆಯ ಹೆಸರೂ ತವರೂರೂ ಇದ್ದವು. ಅದಕ್ಕೆ ಅಫಿಡವಿಟ್, ಪಂಚಾಯತಿಯ ಪತ್ರ ಸೇರಿಸಿ ಕಳಿಸಿದ ಮೇಲೆ ತಿದ್ದುಪಡಿ ಆದೇಶ ಬಂತು. ಬಾಕಿ ಹಣವೂ ಬಂತು. ಗಂಡ ಬದುಕಿದ್ದಾಗ ಒಂದು ಅರ್ಜಿ ಹಾಕಿದ್ದರೆ ಆ ಎರಡು ವರ್ಷದ ಕೂಲಿ ತಪ್ಪುತ್ತಿತ್ತು.

ತಪ್ಪು ಬಡವರ ಕಾಗದದಲ್ಲಿ ಮಾತ್ರ ಇರುತ್ತದೆ ಎಂದು ತಿಳಿಯಬೇಡಿ. ಭೂಸೇನೆಯ ಮುಖ್ಯಸ್ಥರಾಗಿದ್ದ ಜನರಲ್ ವಿ. ಕೆ. ಸಿಂಗ್ ಅವರ ಸಂಗತಿ ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಅವರ ಮೆಟ್ರಿಕ್ ಸರ್ಟಿಫಿಕೇಟಿನಲ್ಲಿ ಹುಟ್ಟಿದ ದಿನ 1951ರ ಮೇ 10. ಸೈನ್ಯದ ಒಂದು ಶಾಖೆಯಲ್ಲಿಯೂ ಅದೇ ಇತ್ತು. ಇನ್ನೊಂದು ಶಾಖೆಯಲ್ಲಿ 1950ರ ಮೇ 10 ಎಂದಿತ್ತು. ಹುಡುಗನಾಗಿದ್ದಾಗ ರಾಷ್ಟ್ರೀಯ ರಕ್ಷಣಾ ಅಕಾಡೆಮಿಗೆ ತುಂಬಿದ ಅರ್ಜಿಯಿಂದ ಬಂದ ವ್ಯತ್ಯಾಸ ಅದು. ಅವರು 2012ರ ಜನವರಿಯಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಫೆಬ್ರವರಿ 10ರಂದು, ಕೋರ್ಟು ತಮ್ಮ ಕಡೆಗೆ ಒಲಿಯುವುದಿಲ್ಲವೆಂದು ಕಂಡು ಅರ್ಜಿ ಹಿಂದಕ್ಕೆ ತೆಗೆದುಕೊಂಡರು. 1950 ಎಂಬುದನ್ನು ತಾವು ಹಿಂದೆಯೇ ಬರಹದಲ್ಲಿ ಒಪ್ಪಿದ್ದು ಅವರಿಗೆ ಅಡ್ಡ ಬಂತು. ಆ ವರ್ಷ ಮೇ 31ರಂದು ನಿವೃತ್ತರಾದರು. ಸೈನ್ಯಕ್ಕೇ ಯಜಮಾನರಾದವರಿಗೆ ಹೀಗಾದರೆ ನಮ್ಮ ಸಿಪಾಯಿಗಳ ಪಾಡೇನು? ಹುಟ್ಟಿದ ತಾರೀಖನ್ನು ತಡವಾಗಿ ತಿದ್ದಿಸುವುದನ್ನು ಕೋರ್ಟುಗಳು ಒಪ್ಪುವುದು ಅಪರೂಪ. 1993ರ ಹರ್ನಾಮ್ ಸಿಂಗ್ ಪ್ರಕರಣದಲ್ಲಿಯೂ ಸುಪ್ರೀಂ ಕೋರ್ಟು, ಸರ್ಕಾರಿ ನೌಕರನು ತಡಮಾಡಿ ಈ ಬೇಡಿಕೆ ಇಟ್ಟರೆ ನಡೆಯದು ಎಂದಿತು.

ಆದರೆ ಹೆಸರಿನ ಅಕ್ಷರ, ಹೆಂಡತಿಯ ಹೆಸರು, ಹೆಂಡತಿಯ ಹುಟ್ಟಿದ ತಾರೀಖು ಇವುಗಳ ಮಾತು ಬೇರೆ. ಇವನ್ನು ತಿದ್ದಿಸಲು, ಬಿಟ್ಟುಹೋಗಿದ್ದರೆ ಸೇರಿಸಲು ದಾರಿ ಇದೆ. ಹೆಂಡತಿಯ ತಾರೀಖು ಯಾಕೆ ಬೇಕು ಎನ್ನುತ್ತೀರಾ? ಪಿಂಚಣಿದಾರರಿಗೆ 80 ವರ್ಷ ತುಂಬಿದರೆ ಮೂಲ ಪಿಂಚಣಿಯ ಮೇಲೆ ನೂರಕ್ಕೆ 20 ಹೆಚ್ಚು ಸಿಗುತ್ತದೆ. 85ಕ್ಕೆ 30, 90ಕ್ಕೆ 40, 95ಕ್ಕೆ 50, ನೂರು ತುಂಬಿದರೆ ಪೂರ್ತಿ ಇನ್ನೊಂದು ಪಾಲು. ಕುಟುಂಬ ಪಿಂಚಣಿಗೂ ಇದೇ ಲೆಕ್ಕ. ತಾರೀಖೇ ಬರೆದಿಲ್ಲದಿದ್ದರೆ ಆ ಮುದುಕಿಗೆ 80 ಆಯಿತೆಂದು ಲೆಕ್ಕ ಹಾಕುವವರು ಯಾರು?

ಡಿಸ್ಚಾರ್ಜ್ ಆದ ಕಾರಣವನ್ನೂ ಓದಿಸಿ ನೋಡಿ. ಕಾಯಿಲೆಯಿಂದ ವೈದ್ಯಕೀಯ ಮಂಡಳಿ ಕಳಿಸಿದವನ ಪುಸ್ತಕದಲ್ಲಿ ಸ್ವಂತ ಕೋರಿಕೆ ಎಂದು ಬಿದ್ದಿದ್ದರೆ ಅಂಗವೈಕಲ್ಯ ಪಿಂಚಣಿಗೆ ಕಷ್ಟವಾಗುತ್ತದೆ. 2013ರಲ್ಲಿ ಧರಮ್‌ವೀರ್ ಸಿಂಗ್ ಎಂಬ ಸಿಪಾಯಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಒಂದು ಒಳ್ಳೆಯ ಮಾತು ಹೇಳಿತು. ಸೇರುವಾಗ ಕಾಯಿಲೆ ಇತ್ತೆಂದು ಬರೆದಿರದಿದ್ದರೆ, ಅದು ಸೇವೆಯಲ್ಲಿ ಬಂದದ್ದೆಂದೇ ತಿಳಿಯಬೇಕು, ಅಲ್ಲವೆಂದು ತೋರಿಸುವ ಹೊಣೆ ಸರ್ಕಾರದ್ದು ಎಂದು. ಇದರ ಲಾಭ ಪಡೆಯಲು ಕಾಗದ ಸರಿಯಾಗಿರಬೇಕು.

ಈಗ ಮಾಡಬೇಕಾದ ಕೆಲಸ ಹೇಳುತ್ತೇನೆ. ಮೊದಲು ಡಿಸ್ಚಾರ್ಜ್ ಪುಸ್ತಕ, ಪಿಂಚಣಿ ಆದೇಶ, ಆಧಾರ್, ಬ್ಯಾಂಕಿನ ಪಾಸ್‌ಬುಕ್ಕು ಈ ನಾಲ್ಕನ್ನೂ ಪಕ್ಕಪಕ್ಕದಲ್ಲಿ ಇಟ್ಟು ಓದಿದ ಮಕ್ಕಳಿಂದ ಅಕ್ಷರ ಅಕ್ಷರ ಓದಿಸಿ. ಎಲ್ಲಿ ತಪ್ಪಿದೆ ನೋಡಿ. ಸೈನ್ಯದ ಕಾಗದ ಸರಿಯಾಗಿದ್ದು ಆಧಾರ್ ತಪ್ಪಿದ್ದರೆ ಆಧಾರನ್ನೇ ತಿದ್ದಿಸಿ, ಅದು ಸುಲಭ. ಸೈನ್ಯದ ಕಾಗದವೇ ತಪ್ಪಿದ್ದರೆ ಅದನ್ನು ತಿದ್ದುವವರು ತಹಸೀಲ್ದಾರರಲ್ಲ, ಬ್ಯಾಂಕಿನವರಲ್ಲ. ನೀವಿದ್ದ ರೆಜಿಮೆಂಟಿನ ದಾಖಲೆ ಕಚೇರಿ ಮಾತ್ರ. ಮದ್ರಾಸ್ ರೆಜಿಮೆಂಟಿನವರಿಗೆ ಅದು ನೀಲಗಿರಿಯ ವೆಲ್ಲಿಂಗ್ಟನ್‌ನಲ್ಲಿದೆ. ಮದ್ರಾಸ್ ಸ್ಯಾಪರ್ಸ್‌ನವರಿಗೆ ಬೆಂಗಳೂರು, ಇ.ಎಂ.ಇ.ಯವರಿಗೆ ಸಿಕಂದರಾಬಾದು, ತೋಪಿನ ದಳದವರಿಗೆ ನಾಸಿಕ್ ರೋಡ್, ಸಿಗ್ನಲ್ಸ್‌ನವರಿಗೆ ಜಬಲ್‌ಪುರ. ಅರ್ಜಿಯಲ್ಲಿ ಸೈನ್ಯದ ನಂಬರನ್ನು ತಪ್ಪದೆ ಬರೆಯಿರಿ. ಹೆಸರು ಎಷ್ಟು ಬಗೆಯಲ್ಲಿದ್ದರೂ ನಂಬರು ಒಂದೇ.

ಅರ್ಜಿ ಬರೆಯಲು ಬಾರದವರು ಕರ್ನೂಲಿನ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಗೆ ಹೋಗಿ. ಅದು ಇರುವುದೇ ನಿಮಗಾಗಿ. ಗಂಡ ಹೆಂಡತಿ ಜೊತೆಯಾಗಿ ತೆಗೆಸಿದ ಫೋಟೋ, ಎರಡೂ ಹೆಸರು ಒಬ್ಬರದೇ ಎನ್ನುವ ಅಫಿಡವಿಟ್, ಇರುವ ದಾಖಲೆಗಳ ನಕಲು ಸೇರಿಸಿ. ಅವರು ಇನ್ನೇನಾದರೂ ಕೇಳಿದರೆ ಕೊಡಿ. ಮೂಲ ಪುಸ್ತಕವನ್ನು ಯಾರ ಕೈಗೂ ಬಿಟ್ಟು ಬರಬೇಡಿ. ಕಳಿಸಿದ್ದಕ್ಕೆ ಅಂಚೆಯ ರಸೀದಿ ಇಟ್ಟುಕೊಳ್ಳಿ. ದಾಖಲೆ ಕಚೇರಿ ತಿದ್ದಿದ ಮೇಲೆ ಪ್ರಯಾಗ್‌ರಾಜಿನ ರಕ್ಷಣಾ ಪಿಂಚಣಿ ಕಚೇರಿಯಿಂದ ತಿದ್ದುಪಡಿ ಆದೇಶ ಬರಬೇಕು. ಈಗ ರಕ್ಷಣಾ ಪಿಂಚಣಿ 2021ರಿಂದ ಹಂತಹಂತವಾಗಿ ಸ್ಪರ್ಶ್ ಎಂಬ ಕಂಪ್ಯೂಟರ್ ವ್ಯವಸ್ಥೆಗೆ ಹೋಗಿದೆ. ಅಲ್ಲಿಯೂ ನಿಮ್ಮ ವಿವರ ಸರಿಯಾಯಿತೇ ಎಂದು ನೋಡಿಸಿ. ಕಂಪ್ಯೂಟರಿಗೆ ಈರಣ್ಣ ಬೇರೆ, ವೀರಣ್ಣ ಬೇರೆ.

ಉತ್ತರವೇ ಬಾರದಿದ್ದರೆ 2005ರ ಮಾಹಿತಿ ಹಕ್ಕು ಕಾಯಿದೆ ಇದೆ. 10 ರೂಪಾಯಿ ಶುಲ್ಕ ಕಟ್ಟಿ, ನನ್ನ ದಾಖಲೆಯಲ್ಲಿ ಏನಿದೆ, ನನ್ನ ಅರ್ಜಿ ಏನಾಯಿತು ಎಂದು ಕೇಳಿದರೆ 30 ದಿನದೊಳಗೆ ಉತ್ತರ ಕೊಡಬೇಕು. ತಿದ್ದುವುದಿಲ್ಲ ಎಂದು ಬರೆದುಕೊಟ್ಟರೆ 2007ರ ಕಾಯಿದೆಯಂತೆ ಬಂದ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಇದೆ. ಆಂಧ್ರದವರಿಗೆ ಚೆನ್ನೈ ಪೀಠ, ಸಿರುಗುಪ್ಪ, ಬಳ್ಳಾರಿ ಕಡೆಯ ಕರ್ನಾಟಕದವರಿಗೆ ಕೊಚ್ಚಿ ಪೀಠ.

ದಾಖಲೆ ಅಲ್ಲಿ ಭದ್ರವಾಗಿದೆ, ನಮಗೇಕೆ ಎನ್ನಬೇಡಿ. ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ 1973ರ ಜುಲೈ 12ರಂದು ಸೈನಿಕರ ದಾಖಲೆಗಳ ಕಟ್ಟಡಕ್ಕೆ ಬೆಂಕಿ ಬಿದ್ದು ಒಂದೂವರೆ ಕೋಟಿಗೂ ಹೆಚ್ಚು ಕಡತಗಳು ಸುಟ್ಟುಹೋದವು. ಆಮೇಲೆ ಎಷ್ಟೋ ಸೈನಿಕರಿಗೆ ತಮ್ಮ ಮನೆಯಲ್ಲಿದ್ದ ಕಾಗದವೇ ಆಧಾರವಾಯಿತು. ನಿಮ್ಮ ಪುಸ್ತಕದ ಪ್ರತಿ ಪುಟವನ್ನೂ ನಕಲು ಮಾಡಿಸಿ, ಒಂದು ಪ್ರತಿ ಮಗಳ ಮನೆಯಲ್ಲಿಯೂ ಇರಲಿ.

ಸೈನಿಕ ಅಣ್ಣಂದಿರೇ, ನೀವು ಗಡಿಯಲ್ಲಿ ನಿಂತು ಬಂದವರು. ಈ ಕೆಲಸ ಅದಕ್ಕಿಂತ ಕಷ್ಟದ್ದಲ್ಲ. ನಿಮ್ಮ ಸಹಿ, ನಿಮ್ಮ ಮಾತು, ನಿಮ್ಮ ಪಕ್ಕ ನಿಂತ ಹೆಂಡತಿಯ ಫೋಟೋ ಇವತ್ತು ನಡೆಯುತ್ತವೆ. ನಾಳೆ ಆಕೆ ಒಬ್ಬಳೇ ಹೋಗಿ ನಾನು ಅವರ ಹೆಂಡತಿ ಎಂದು ರುಜುವಾತು ಮಾಡಬೇಕಾದ ಪರಿಸ್ಥಿತಿ ಬರಬಾರದು. ಈ ಭಾನುವಾರ ಟ್ರಂಕು ತೆಗೆದು ಪುಸ್ತಕ ಓದಿಸಿ. ಮನೆಯಲ್ಲಿ ಸೈನಿಕರಿಲ್ಲದವರು ಪಕ್ಕದ ಮನೆಯ ಮಿಲ್ಟ್ರಿ ತಾತನಿಗೆ ಈ ಮಾತು ಮುಟ್ಟಿಸಿ.