ಹುಡುಗನ ಜೊತೆಗೊಬ್ಬ ಹಿರಿಯ



ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಸುತ್ತಿನ ಕೆಲವು ಹಳ್ಳಿಗಳಲ್ಲಿ ಮುಸಲ್ಮಾನರ ಮನೆಗಳು ನಾಲ್ಕೋ ಐದೋ ಇರುತ್ತವೆ. ಅಂಥ ಮನೆಯ ಹುಡುಗ ಹತ್ತನೆಯ ತರಗತಿಯಲ್ಲಿ ನಪಾಸಾದನೆನ್ನಿ. ಮುಂದೇನೆಂದು ಕೇಳಲು ಓದಿದ ಅಣ್ಣನಿಲ್ಲ, ಕಚೇರಿಯಲ್ಲಿ ಪರಿಚಯದವರಿಲ್ಲ. ಮರುದಿನವೇ ಗ್ಯಾರೇಜು ಸೇರುತ್ತಾನೆ. ಕಸುಬು ಕಲಿಯುವುದು ಒಳ್ಳೆಯದೇ. ಓದು ಅಲ್ಲಿಗೇ ನಿಲ್ಲುವುದು ನಷ್ಟ.

2016ರ ಕಾಯಿದೆ ತಿದ್ದುಪಡಿಯಂತೆ 18 ತುಂಬದವರನ್ನು ಅಪಾಯದ ಕೆಲಸಕ್ಕೆ ಹಚ್ಚುವಂತಿಲ್ಲ. ಕಾಯಿದೆ ತಡೆಯಬಲ್ಲದು, ಕೈಹಿಡಿದು ನಡೆಸಲಾರದು.

ವೈದ್ಯರಾಗಿದ್ದ ಡಾ. ಮುಮ್ತಾಜ್ ಅಹಮದ್ ಖಾನ್ 1966ರಲ್ಲಿ ಬೆಂಗಳೂರಿನಲ್ಲಿ ಅಲ್-ಅಮೀನ್ ಶಿಕ್ಷಣ ಸಂಸ್ಥೆಯನ್ನೇ ಕಟ್ಟಿದರು. ನಮ್ಮಿಂದ ಅಷ್ಟಾಗದು, ಬೇಕಾಗಿಯೂ ಇಲ್ಲ. ಒಬ್ಬ ರೈತ, ಒಬ್ಬ ಹುಡುಗ, ಮೂರು ನಾಲ್ಕು ವರ್ಷ, ಇಷ್ಟು ಸಾಕು. ಅವನ ತಂದೆ ನಿಮ್ಮ ತೆಂಗಿನಕಾಯಿ ಕೊಳ್ಳುವವನೋ, ಪಂಪ್‌ಸೆಟ್ ರಿಪೇರಿ ಮಾಡುವವನೋ ಆಗಿರಬಹುದು, ಪರಿಚಯ ಹೊಸದಲ್ಲವಲ್ಲ! ಮೊದಲು ಆ ತಂದೆಯನ್ನು ಕೇಳಿ, ಹುಡುಗನ ಮನಸ್ಸನ್ನೂ ಕೇಳಿ. ಅದೇ ವರ್ಷ ಮತ್ತೆ ಪರೀಕ್ಷೆ ಬರೆಯಲು ಅವಕಾಶವುಂಟು. ಶುಲ್ಕ ಕಟ್ಟುವ ದಿನ ನೀವೂ ಶಾಲೆಗೆ ಹೋಗಿ. ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಗೆ, ಪಾಸಾದ ಮೇಲೆ ಐ.ಟಿ.ಐ. ಅರ್ಜಿಗೆ ಜೊತೆಯಾಗಿ. ಉಪದೇಶ ಕಡಿಮೆ ಇರಲಿ, ಅದು ಊರಿನಲ್ಲಿ ಬಿಟ್ಟಿ ಸಿಗುತ್ತದೆ. ಶುಕ್ರವಾರ ಮಧ್ಯಾಹ್ನ ನಮಾಜಿನ ಹೊತ್ತು ಬಿಟ್ಟು ಕರೆಯಿರಿ. ಫಲಿತಾಂಶ ಬಂದ ವಾರದಲ್ಲೇ ಅವನ ಮನೆಗೆ ಹೋಗಿ. ತಡವಾದರೆ ಹುಡುಗ ಬೆಂಗಳೂರಿನ ಬಸ್ಸು ಹತ್ತಿರುತ್ತಾನೆ.