ಬಾಳಿಕೆ ಬರುವ ಡ್ರಿಲ್ಲು
(ಸಂಘದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ಹಿಂದಿನ ಕೂಟದಲ್ಲಿ ಗ್ರಾಚ್ಯುಯಿಟಿಯ ವಿಷಯ ಮಾತಾಡಿದವನು ಇಂದು ಡ್ರಿಲ್ಲು ಹಿಡಿದುಕೊಂಡು ಬಂದಿದ್ದಾನಲ್ಲ ಎಂದು ನಿಮ್ಮಲ್ಲಿ ಕೆಲವರು ನಗಬಹುದು. ನಗಿರಿ, ಬೇಸರವಿಲ್ಲ. ನಾನು ಏಳನೆಯ ತರಗತಿಯ ತನಕ ಓದಿದವನು. ಗ್ಲಾಸು ತೊಳೆದು, ಟೇಬಲು ಒರಸಿ, ಕೌಂಟರಿನ ತನಕ ಬಂದು, ಅಲ್ಲಿಂದ ಸಂಘದ ಕೆಲಸಕ್ಕೆ ಬಿದ್ದವನು. ಯಂತ್ರಶಾಸ್ತ್ರ ನನ್ನದಲ್ಲ. ಆದರೆ ಹೋದ ತಿಂಗಳು ನಮ್ಮ ರೂಮಿನ ಹುಡುಗನೊಬ್ಬನ ಪಗಾರದ ಚೀಟಿ ನೋಡಿದೆ. ಹೋಟೇಲು ಬಿಟ್ಟು ಉಪನಗರದ ಒಂದು ಫ್ಯಾಬ್ರಿಕೇಶನ್ ಶೆಡ್ಡಿಗೆ ಸೇರಿದ್ದಾನೆ. ಕಬ್ಬಿಣದ ರ‍್ಯಾಕು, ಹೋಟೇಲಿನ ಸ್ಟೀಲು ಸ್ಟ್ಯಾಂಡು ಮಾಡುವ ಜಾಗ. ಚೀಟಿಯಲ್ಲಿ 'ಟೂಟ್-ಫೂಟ್' ಎಂದು ಬರೆದು ನಾನ್ನೂರ ಎಂಬತ್ತು ರೂಪಾಯಿ ಮುರಿದುಕೊಂಡಿದ್ದರು. ಏನಪ್ಪಾ ಇದು ಎಂದರೆ, ಡ್ರಿಲ್ಲು ಮುರಿದದ್ದಕ್ಕೆ ಅಂತೆ. ಹುಡುಗ ತಲೆ ತಗ್ಗಿಸಿ, "ಅಣ್ಣಾ, ನನ್ನ ಕೈಗುಣವೇ ಸರಿಯಿಲ್ಲ, ಊರಿಗೆ ಹೋಗುತ್ತೇನೆ" ಎಂದ.

ಈ ಮಾತು ಕೇಳಿ ನನಗೆ ಹಳೆಯದೆಲ್ಲ ನೆನಪಾಯಿತು. ಕಪ್ಪು ಒಡೆದರೆ ನಮ್ಮ ಪಗಾರದಲ್ಲಿ ಮುರಿಯುತ್ತಿದ್ದರು. ಆ ಕಪ್ಪಿಗೆ ಮೊದಲೇ ಬಿರುಕಿತ್ತೇ ಎಂದು ಯಾರೂ ಕೇಳುತ್ತಿರಲಿಲ್ಲ. ಹುಡುಗನ ಕೈಗುಣ ನೋಡುವ ಮೊದಲು ಡ್ರಿಲ್ಲಿನ ಗುಣ ನೋಡೋಣ ಎಂದು ಅವನ ಮುರುಕಲು ತುಂಡುಗಳನ್ನೆಲ್ಲ ಒಂದು ಡಬ್ಬಿಗೆ ಹಾಕಿಸಿಕೊಂಡು ಫಿಟ್ಟರ್ ಮಾವನ ಬಳಿಗೆ ಹೋದೆ.

ಫಿಟ್ಟರ್ ಮಾವ ಯಾರೆಂದು ಹಿರಿಯರಿಗೆ ಗೊತ್ತು. 1982ರ ಜನವರಿಯಲ್ಲಿ ಮುಷ್ಕರ ಶುರುವಾಗುವ ತನಕ ಗಿರಣಿಯ ಮೆಕ್ಯಾನಿಕ್ ಖಾತೆಯಲ್ಲಿ ಇದ್ದವರು. ಅವರು ಹೇಳುವುದುಂಟು: ಆ ಕಾಲಕ್ಕೆ ಡ್ರಿಲ್ಲು ಬೇಕಾದರೆ ಹಿತ್ತಾಳೆಯ ಬಿಲ್ಲೆ ಕೊಟ್ಟು ಸ್ಟೋರಿನಿಂದ ತರುವುದು, ಮೊಂಡಾದರೆ ವಾಪಸು ಕೊಡುವುದು. ಸಾಣೆ ಹಿಡಿಯುವುದಕ್ಕೆಂದೇ ಒಬ್ಬ ಮನುಷ್ಯ ಇದ್ದ. ಕೊಂಡು ತರುವ ಚಿಂತೆ ಕಾರ್ಮಿಕನಿಗಿರಲಿಲ್ಲ. ಇಂದು ಶೆಡ್ಡಿನ ಹುಡುಗ ತಾನೇ ಕೊಳ್ಳಬೇಕು, ತಾನೇ ಮುರಿಯಬೇಕು, ತಾನೇ ದಂಡ ತೆರಬೇಕು. ಆದ್ದರಿಂದಲೇ ಕೊಳ್ಳುವ ವಿದ್ಯೆ ಅವನಿಗೆ ಬೇಕಾಗಿದೆ.

ನನಗೆ ಮಾವನ ಪರಿಚಯವಾದದ್ದೂ ಡ್ರಿಲ್ಲಿನಿಂದಲೇ. ಸುಮಾರು ಹತ್ತು ವರ್ಷದ ಹಿಂದೆ ನಮ್ಮ ಹೋಟೇಲಿನ ಅಡಿಗೆಮನೆಯಲ್ಲಿ ಸ್ಟೇನ್‌ಲೆಸ್ ಸ್ಟೀಲಿನ ಟೇಬಲ್ಲಿಗೆ ಒಂದು ಹಲಗೆ ಕೂರಿಸಬೇಕಾಗಿತ್ತು. ಮಿಸ್ತ್ರಿಗೆ ಯಾಕೆ ದುಡ್ಡು, ನೀನೇ ಮಾಡು ಎಂದರು. ನಾನು ಫುಟ್‌ಪಾತಿನಿಂದ ಇನ್ನೂರು ರೂಪಾಯಿಗೆ ಹದಿಮೂರು ಡ್ರಿಲ್ಲುಗಳ ಸೆಟ್ಟು ತಂದೆ. ಚಿನ್ನದ ಬಣ್ಣ! ಮದುವೆ ಮನೆಯ ಒಡವೆಯ ಹಾಗೆ ಹೊಳೆಯುತ್ತಿತ್ತು. ಮಶೀನಿನ ಗುಂಡಿ ಪೂರ್ತಿ ಅದುಮಿ ಹಿಡಿದೆ. ಕಿರ‍್ರೆಂದಿತು, ಹೊಗೆ ಬಂತು, ತುದಿ ನೀಲಿಯಾಗಿ ಕರಗಿದ ಮೇಣದಂತೆ ಮೊಂಡಾಯಿತು. ಎರಡನೆಯದು, ಮೂರನೆಯದು. ಒಂದು ತೂತಿಗೆ ಮೂರು ಡ್ರಿಲ್ಲು ಹೋದರೂ ತೂತು ಆಗಲಿಲ್ಲ. ಸಂಜೆಯ ಚಹಾಕ್ಕೆ ಬಂದ ಮಾವ ಒಳಗೆ ಇಣುಕಿ, "ಏನು ಮಾರಾಯಾ, ಕೊರೆಯುತ್ತೀಯೋ, ಬಿಸಿ ಕಾಯಿಸುತ್ತೀಯೋ?" ಎಂದರು. ಮರುದಿನ ತಮ್ಮ ಚೀಲದಿಂದ ಒಂದೇ ಒಂದು ಕರಿಯ ಡ್ರಿಲ್ಲು ತಂದರು. ಪಂಚಿನಿಂದ ಗುರುತು ಹೊಡೆದರು. ಅಡಿಗೆ ಭಟ್ಟರಿಂದ ಒಂದು ಚಮಚ ತೆಂಗಿನೆಣ್ಣೆ ಇಸಿದುಕೊಂಡು ಬಿಟ್ಟರು. ಮಶೀನು ನಿಧಾನ, ಕೈಯ ಭಾರ ಗಟ್ಟಿ. ನಾಲ್ಕು ತೂತು ಕೊರೆದು, ಡ್ರಿಲ್ಲು ಒರಸಿ, ಮತ್ತೆ ಚೀಲಕ್ಕೆ ಹಾಕಿಕೊಂಡರು.

ಆ ದಿನ ಅವರು ಹೇಳಿದ್ದು, ಆಮೇಲೆ ನಾನು ಕಂಡದ್ದು, ಎರಡನ್ನೂ ಸೇರಿಸಿ ಹೇಳುತ್ತೇನೆ.

ಮೊದಲಿಗೆ ಉಕ್ಕು. ಅಗ್ಗದ ಡ್ರಿಲ್ಲು ಬರಿಯ ಕಾರ್ಬನ್ ಉಕ್ಕಿನದು. ಇನ್ನೂರು, ಇನ್ನೂರೈವತ್ತು ಡಿಗ್ರಿ ಬಿಸಿಯಾದರೆ ಸಾಕು, ಅದರ ಗಡಸುತನ ಇಳಿಯತೊಡಗುತ್ತದೆ. ಒಮ್ಮೆ ನೀಲಿಯಾಯಿತೆಂದರೆ ಆ ತುದಿಯ ಕಥೆ ಮುಗಿಯಿತು. ಹೈಸ್ಪೀಡ್ ಉಕ್ಕು ಹಾಗಲ್ಲ. ಅದರಲ್ಲಿ ಟಂಗ್‌ಸ್ಟನ್, ಮಾಲಿಬ್ಡಿನಮ್, ಕ್ರೋಮಿಯಂ, ವೆನೇಡಿಯಂ ಇರುತ್ತವೆ. ಆರು ನೂರು ಡಿಗ್ರಿಯ ಹತ್ತಿರದವರೆಗೂ ಅದು ಗಡಸಾಗಿ ನಿಲ್ಲುತ್ತದೆ. ಡ್ರಿಲ್ಲಿನ ಹಿಡಿಯ ಮೇಲೆ ಇಂಗ್ಲಿಷಿನಲ್ಲಿ ಎಚ್, ಎಸ್, ಎಸ್ ಎಂಬ ಮೂರು ಅಕ್ಷರ, ಅಳತೆ, ತಯಾರಕರ ಹೆಸರು ಇವು ಇರಬೇಕು. ಸ್ಟೇನ್‌ಲೆಸ್ಸಿನಲ್ಲೇ ದಿನವಿಡೀ ಕೆಲಸವಿದ್ದವರು ಕೋಬಾಲ್ಟ್ ಸೇರಿದ್ದನ್ನು ಕೊಳ್ಳಿ. ನೂರಕ್ಕೆ ಐದು ಪಾಲು ಕೋಬಾಲ್ಟಿನದು ಒಂದು, ಎಂಟು ಪಾಲಿನದು ಇನ್ನೊಂದು. ಬೆಲೆ ಹೆಚ್ಚು. ಶಾಖಕ್ಕೆ ಜಗ್ಗುವುದಿಲ್ಲ, ಆದರೆ ಕೈ ಅಲುಗಾಡಿದರೆ ಬೇಗ ಚೂರಾಗುತ್ತದೆ. ಸಾಮಾನ್ಯ ಕಬ್ಬಿಣಕ್ಕೆ ಅದು ಬೇಕಿಲ್ಲ.

ಚಿನ್ನದ ಬಣ್ಣದ ವಿಷಯ. ನಿಜವಾದ ಟೈಟೇನಿಯಂ ನೈಟ್ರೈಡ್ ಲೇಪ ಒಳ್ಳೆಯದೇ, ಗಟ್ಟಿಯಾದದ್ದೇ. ಆದರೆ ಅದು ಮಿಲಿಮೀಟರಿನ ಸಾವಿರದ ಕೆಲವೇ ಪಾಲು ದಪ್ಪ. ಸಾಣೆ ಹಿಡಿದ ಕೂಡಲೇ ತುದಿಯಿಂದ ಹೋಗುತ್ತದೆ. ಒಳಗಿನ ಉಕ್ಕು ಕೆಟ್ಟದ್ದಾದರೆ ಮೇಲಿನ ಬಣ್ಣ ಕಾಪಾಡುವುದಿಲ್ಲ.

ಹಿಡಿಯ ಮೇಲಿನ ಅಕ್ಷರವನ್ನು ನಂಬುವುದು ಹೇಗೆ? ಅಕ್ಷರ ಕೆತ್ತುವುದಕ್ಕೆ ಯಾರಿಗೂ ಕಷ್ಟವಿಲ್ಲ. ಮಾವ ಹುಡುಗನ ಮುರುಕಲು ತುಂಡುಗಳನ್ನು ಒಂದೊಂದಾಗಿ ಗ್ರೈಂಡರಿಗೆ ಹಿಡಿದರು. ಕಾರ್ಬನ್ ಉಕ್ಕಾದರೆ ಕಿಡಿ ಬೆಳ್ಳಗೆ ಹಳದಿಯಾಗಿ, ದೀಪಾವಳಿಯ ಸುರುಸುರು ಬತ್ತಿಯ ಹಾಗೆ ನಕ್ಷತ್ರ ನಕ್ಷತ್ರವಾಗಿ ಸಿಡಿಯುತ್ತದೆ. ಹೈಸ್ಪೀಡ್ ಉಕ್ಕಾದರೆ ಕಿಡಿ ಕಡಿಮೆ, ಮಂಕು ಕೆಂಪು, ಗೆರೆಯಾಗಿ ಬಿದ್ದು ಆರುತ್ತದೆ. ಹುಡುಗನ ಹನ್ನೊಂದು ತುಂಡಿನಲ್ಲಿ ಒಂಬತ್ತು ದೀಪಾವಳಿ ಮಾಡಿದವು! ಅವುಗಳಲ್ಲಿ ಐದರ ಹಿಡಿಯ ಮೇಲೆ ಆ ಮೂರು ಅಕ್ಷರ ಇತ್ತು. ಹುಡುಗ ಎದುರಿಗೇ ನಿಂತು ನೋಡಿದ.

ಅಂಗಡಿಯಲ್ಲಿ ಗ್ರೈಂಡರಿಗೆ ಹಿಡಿಯಲು ಬಿಡುವುದಿಲ್ಲ ನಿಜ. ಅಲ್ಲಿ ಕಣ್ಣಿನ ಕೆಲಸ. ಗಾಜಿನ ಕೌಂಟರಿನ ಮೇಲೆ ಉರುಳಿಸಿ ನೋಡಿ, ಸೊಟ್ಟಗಿದ್ದರೆ ಕುಪ್ಪಳಿಸುತ್ತದೆ. ತುದಿಯನ್ನು ಬೆಳಕಿಗೆ ಹಿಡಿಯಿರಿ, ಎರಡು ಬಾಯಿಯೂ ಒಂದೇ ಉದ್ದ, ಒಂದೇ ಓರೆ ಇರಬೇಕು. ವರ್ನಿಯರ್ ಇದ್ದರೆ ಬಾಯಿಯ ಹತ್ತಿರ ಅಳೆಯಿರಿ. 6 ಮಿಲಿಮೀಟರಿನ ಒಳ್ಳೆಯ ಡ್ರಿಲ್ಲು ಆರಕ್ಕಿಂತ ಒಂದು ಕೂದಲೆಳೆ ಕಡಿಮೆ ಇದ್ದೀತು, ಹೆಚ್ಚು ಇರಬಾರದು. ಸಾಮಾನ್ಯ ಉದ್ದದ 6 ಮಿಲಿಮೀಟರಿನದು ಒಟ್ಟು 93 ಮಿಲಿಮೀಟರ್ ಇರುತ್ತದೆ. ಕೈ ಮಶೀನಿಗೆ 66 ಮಿಲಿಮೀಟರಿನ ಗಿಡ್ಡ ಜಾತಿ ಇನ್ನೂ ಮೇಲು, ಬಾಗುವುದು ಕಡಿಮೆ. ಅಡಿಸನ್, ಮಿರಾಂಡಾ, ಟೋಟೆಮ್ ಮುಂತಾದ ನಮ್ಮ ದೇಶದ ಹೆಸರುಗಳೇ ಇವೆ. ನಾಗದೇವಿ ರಸ್ತೆಯ ಕಡೆ ಹೋದರೆ ಬಿಲ್ಲು ಕೊಡುವ ಅಂಗಡಿಗಳಿವೆ. ಬಿಲ್ಲು ಕೇಳಿ. ಬಿಲ್ಲು ಕೇಳಿದಾಗ ಮುಖ ಸಿಂಡರಿಸುವವನ ಮಾಲು ನಮಗೆ ಬೇಡ.

ಇನ್ನು ಅಳತೆಯ ಗೊಂದಲ. ನಮ್ಮ ದೇಶದಲ್ಲಿ ಮೆಟ್ರಿಕ್ ಅಳತೆಗೆ 1956ರಲ್ಲೇ ಕಾಯಿದೆಯಾಯಿತು, ಆದರೂ ಶೆಡ್ಡಿನಲ್ಲಿ ಇನ್ನೂ 'ಸೂತ್' ಸತ್ತಿಲ್ಲ. ಒಂದು ಸೂತ್ ಎಂದರೆ ಇಂಚಿನ ಎಂಟನೆಯ ಒಂದು ಪಾಲು. ಉಸ್ತಾದ್ 'ದೋ ಸೂತ್ ಕಾ ಲಾವ್' ಎಂದರೆ ಅಂಗಡಿಯವನು 6 ಮಿಲಿಮೀಟರಿನದು ಕೊಡುತ್ತಾನೆ. ಎರಡು ಸೂತ್ ನಿಜಕ್ಕೆ 6.35 ಮಿಲಿಮೀಟರ್. ಬಾಗಿಲ ಚಿಲಕಕ್ಕೆ ಇದು ನಡೆದೀತು, ಥ್ರೆಡ್ ಹಾಕುವಲ್ಲಿ ನಡೆಯುವುದಿಲ್ಲ. 8 ಮಿಲಿಮೀಟರಿನ ಬೋಲ್ಟಿಗೆ ಟ್ಯಾಪು ಹಾಕಲು 6.8ರ ತೂತು ಬೇಕು. ನಮ್ಮ ಹುಡುಗ ಎರಡು ಸೂತಿನದರಲ್ಲಿ ಕೊರೆದು ಟ್ಯಾಪು ಇಳಿಸಿದ. ತೂತು ಸಣ್ಣದಾಗಿ ಟ್ಯಾಪು ಒಳಗೇ ಕಚ್ಚಿಕೊಂಡು ಮುರಿಯಿತು. ಅದಕ್ಕೂ ದಂಡ! 4ರ ಬೋಲ್ಟಿಗೆ 3.3, 5ಕ್ಕೆ 4.2, 6ಕ್ಕೆ 5, 8ಕ್ಕೆ 6.8, 10ಕ್ಕೆ 8.5. ಇದನ್ನು ನಿಮ್ಮ ಊಟದ ಡಬ್ಬಿಯ ಮುಚ್ಚಳದ ಒಳಗೆ ಬರೆದಿಡಿ. ಫುಟ್‌ಪಾತಿನ ಹದಿಮೂರರ ಸೆಟ್ಟಿನಲ್ಲಿ ಅರ್ಧರ್ಧ ಮಿಲಿಮೀಟರಿನ ಮೆಟ್ಟಿಲು, ನಡುವೆ 3.2 ಮತ್ತು 4.8. ಈ 3.3, 4.2, 6.8 ಅದರಲ್ಲಿ ಇರುವುದೇ ಇಲ್ಲ. ಸೆಟ್ಟು ಕೊಳ್ಳಬೇಡಿ, ಬೇಕಾದ ಅಳತೆಯನ್ನೇ ಬಿಡಿಯಾಗಿ ಕೊಳ್ಳಿ.

ಒಳ್ಳೆಯ ಡ್ರಿಲ್ಲನ್ನೂ ಒಂದು ನಿಮಿಷದಲ್ಲಿ ಕೊಲ್ಲಬಹುದು. ಸಾಮಾನ್ಯ ಕಬ್ಬಿಣದಲ್ಲಿ 6 ಮಿಲಿಮೀಟರಿನದು ನಿಮಿಷಕ್ಕೆ ಸುಮಾರು 1300 ಸುತ್ತು, 10ರದ್ದು 800. ಸ್ಟೇನ್‌ಲೆಸ್ಸಿನಲ್ಲಿ 6ರದ್ದು 600 ಸಾಕು. ಕೈ ಮಶೀನಿನ ಗುಂಡಿ ಪೂರ್ತಿ ಅದುಮಿದರೆ ಎಷ್ಟೋ ಮಶೀನುಗಳು ಎರಡೂವರೆ ಸಾವಿರ ದಾಟುತ್ತವೆ. ನಮ್ಮ ಹೋಟೇಲಿನ ಸ್ಟೀಲು ವಿಚಿತ್ರ ಸ್ವಭಾವದ್ದು. ಡ್ರಿಲ್ಲು ಕತ್ತರಿಸದೆ ಬರಿದೇ ಉಜ್ಜಿದರೆ ಉಜ್ಜಿದ ಜಾಗ ಇನ್ನೂ ಗಡಸಾಗುತ್ತದೆ. ನಾನು ಮೂರು ಡ್ರಿಲ್ಲು ಕಳೆದದ್ದು ಹೀಗೆ: ಮೊದಲನೆಯದು ಗಡಸು ಮಾಡಿಟ್ಟಿತು, ಉಳಿದೆರಡು ಅದಕ್ಕೆ ಬಲಿಯಾದವು. ಆದ್ದರಿಂದ ಭಾರ ಕೊಡಿ, ಸುರುಳಿ ಬರುತ್ತಿರಲಿ, ಎಣ್ಣೆ ಬೀಳುತ್ತಿರಲಿ. ಸುರುಳಿ ನಿಂತರೆ ನೀವೂ ನಿಲ್ಲಿಸಿ. ಆಚೆ ಬದಿಗೆ ತೂರುವ ಹೊತ್ತಿಗೆ ಭಾರ ಸಡಿಲಿಸಿ. ಡ್ರಿಲ್ಲು ಮುರಿಯುವುದು ಹೆಚ್ಚಾಗಿ ಆಗಲೇ.

ಮೊಂಡಾದದ್ದನ್ನು ಎಸೆಯಬೇಡಿ. 118 ಡಿಗ್ರಿಯ ಓರೆಗೆ, ಎರಡು ಬಾಯಿಯನ್ನೂ ಸಮವಾಗಿ ಸಾಣೆ ಹಿಡಿದರೆ ಅದು ಮತ್ತೆ ಹೊಸದು. ಎರಡು ತೋಡಿನಿಂದಲೂ ಸುರುಳಿ ಬಂದರೆ ಸಾಣೆ ಸರಿಯಾಯಿತೆಂದು ತಿಳಿಯಿರಿ. ಒಂದರಿಂದ ಮಾತ್ರ ಬಂದರೆ ಒಂದು ಬಾಯಿಯೇ ಎಲ್ಲ ಕೆಲಸ ಮಾಡುತ್ತಿದೆ, ತೂತೂ ದೊಡ್ಡದಾಗುತ್ತದೆ. ಕೆಂಪಗೆ ಕಾದ ಹೈಸ್ಪೀಡ್ ತುದಿಯನ್ನು ನೀರಿಗೆ ಅದ್ದಬೇಡಿ, ಕಣ್ಣಿಗೆ ಕಾಣದ ಬಿರುಕು ಬಿಡುತ್ತದೆ.

ದಂಡದ ವಿಷಯ ಹೇಳದೆ ಕೂತರೆ ನಾನು ಸಂಘದವನೇ ಅಲ್ಲ. ಕಾರ್ಮಿಕನ ವಶಕ್ಕೆ ಕೊಟ್ಟ ವಸ್ತು ಅವನ ಅಲಕ್ಷ್ಯದಿಂದಲೇ ಹಾಳಾದರೆ ಮಾತ್ರ ಪಗಾರದಲ್ಲಿ ಮುರಿಯಬಹುದು. ಅದೂ ಅವನ ಮಾತು ಕೇಳಿದ ಮೇಲೆ, ಹಾನಿಯ ಬೆಲೆಗಿಂತ ಹೆಚ್ಚಲ್ಲ. 1936ರ ವೇತನ ಪಾವತಿ ಕಾಯಿದೆಯಲ್ಲಿ ಇದು ಇತ್ತು, 2019ರ ವೇತನ ಸಂಹಿತೆಯಲ್ಲೂ ಇದೆ. ದುಡಿದು ಸವೆದ ಡ್ರಿಲ್ಲು ಅಲಕ್ಷ್ಯವಲ್ಲ. ಕಾರ್ಬನ್ ಉಕ್ಕಿನದು ಕೊಟ್ಟು ಸ್ಟೇನ್‌ಲೆಸ್ ಕೊರೆ ಎಂದದ್ದು ಯಾರ ಅಲಕ್ಷ್ಯ? ಹುಡುಗನೊಂದಿಗೆ ಶೆಡ್ಡಿಗೆ ಹೋಗಿ, ಡಬ್ಬಿಯ ತುಂಡುಗಳನ್ನು ಮಾಲಕರ ಗ್ರೈಂಡರಿನಲ್ಲೇ ಹಿಡಿದು ತೋರಿಸಿದೆವು. ಅವರು ಕೆಟ್ಟ ಮನುಷ್ಯರಲ್ಲ, ಅವರಿಗೂ ಯಾರೋ ಟೋಪಿ ಹಾಕಿದ್ದರು. ಅರ್ಧ ಹಣ ವಾಪಸು ಕೊಟ್ಟಿದ್ದಾರೆ. ಉಳಿದ ಅರ್ಧಕ್ಕೆ ಮುಂದಿನ ಬುಧವಾರ ಮತ್ತೆ ಹೋಗುತ್ತೇವೆ. ಹುಡುಗ ಊರಿಗೆ ಹೋಗಲಿಲ್ಲ. ಇದೋ, ಹಿಂದಿನ ಬೆಂಚಿನಲ್ಲಿ ಕೂತಿದ್ದಾನೆ.

ಅವನ ಎಡಗಣ್ಣಿನ ಕೆಳಗಿನ ಗಾಯವನ್ನೂ ನೋಡಿ. ಒಂದು ಡ್ರಿಲ್ಲು ಮುರಿದು ಸಿಡಿದದ್ದು. ಅರ್ಧ ಬೆರಳು ಮೇಲೆ ಬಿದ್ದಿದ್ದರೆ ನಾನು ಇಂದು ಬೇರೆ ಭಾಷಣ ಮಾಡಬೇಕಾಗುತ್ತಿತ್ತು. ಕನ್ನಡಕ ಹಾಕದೆ ಮಶೀನು ಮುಟ್ಟಬೇಡಿ. ಕೈಗವಸು ಮಾತ್ರ ಬೇಡ, ತಿರುಗುವ ಡ್ರಿಲ್ಲು ಬಟ್ಟೆಯೊಂದಿಗೆ ಬೆರಳನ್ನೂ ಎಳೆದುಕೊಳ್ಳುತ್ತದೆ.

ಬರುವ ಭಾನುವಾರ ನಾಲ್ಕು ಗಂಟೆಗೆ ಫಿಟ್ಟರ್ ಮಾವ ಇದೇ ಜಗಲಿಯಲ್ಲಿ ಗ್ರೈಂಡರು ಇಟ್ಟುಕೊಂಡು ಕೂರುತ್ತಾರೆ. ನಿಮ್ಮ ಮೊಂಡು ಡ್ರಿಲ್ಲುಗಳನ್ನು ತನ್ನಿ. ಬಿಡಿಯಾಗಿ ಕೊಂಡರೆ ದುಬಾರಿ, ಹತ್ತರ ಪೆಟ್ಟಿಗೆಯ ಲೆಕ್ಕದಲ್ಲಿ ಒಟ್ಟಿಗೆ ತರೋಣ. 3.3, 4.2, 5, 6.8 ಎಷ್ಟೆಷ್ಟು ಬೇಕೆಂದು ಕಾರ್ಯದರ್ಶಿಗಳ ಬಳಿ ಇಂದೇ ಹೆಸರು ಬರೆಸಿ ಹೋಗಿ. ಮಾವನಿಗೆ ಚಹಾ ಮಾತ್ರ ಸಕ್ಕರೆ ಇಲ್ಲದ್ದು.