ಹಾಡನ್ನು ಚಿತ್ರದಲ್ಲಿ ಬರೆಯುವ ಬಗೆ
(ಗೋರೆಗಾಂವ್ ಕೂಟದಲ್ಲಿ ಮಾಡಿದ ಭಾಷಣ)



ತ.ರಾ.ಸು. ಅವರ ‘ಹಂಸಗೀತೆ’ ಕಾದಂಬರಿಯನ್ನು ಚಿತ್ರಕಥೆಯ ಪುಸ್ತಕವಾಗಿಸಲು ನಾವು ಹೊರಟಿದ್ದೇವೆ. ಇಲ್ಲಿ ಬೆಳೆದ ನಮ್ಮ ಮಕ್ಕಳಿಗೆ ಕನ್ನಡ ಮಾತು ಬರುತ್ತದೆ. ಅಕ್ಷರ ಕಂಡರೆ ತಡವರಿಸುತ್ತಾರೆ. ಚಿತ್ರ ಕೈಹಿಡಿದು ನಡೆಸಿದರೆ ಓದಿಯಾರೆಂದು ನಮ್ಮ ಆಸೆ.

ಕಥೆ ಮುಂಬಯಿಗೆ ಹೊಸದಲ್ಲ. 1956ರಲ್ಲೇ ಅದು ‘ಬಸಂತ್ ಬಹಾರ್’ ಎಂಬ ಹಿಂದಿ ಚಿತ್ರವಾಯಿತು. ನಮ್ಮ ಗದಗಿನ ಭೀಮಸೇನ ಜೋಶಿಯವರು ಅದರಲ್ಲಿ ಮನ್ನಾ ಡೇ ಅವರೊಡನೆ ಹಾಡಿದರು. 1975ರಲ್ಲಿ ಜಿ.ವಿ. ಅಯ್ಯರ್ ಕನ್ನಡದಲ್ಲೇ ತೆರೆಗೆ ತಂದರು. ಸಿನಿಮಾಕ್ಕೆ ಕಂಠವಿತ್ತು, ನಮಗಿರುವುದು ಕಾಗದ, ಮಸಿ. ಭೈರವಿ ವೆಂಕಟಸುಬ್ಬಯ್ಯನ ಹಾಡನ್ನು ಕೇಳಿಸುವುದು ಹೇಗೆ? ಬಾಯಿಂದ ಸರಿಗಮ ಹಾರಿಸಿದರೆ ಜಾಹೀರಾತಿನಂತೆ ಕಂಡೀತು! ಕೇಳುವವರನ್ನು ಬರೆಯಿರಿ ಎನ್ನುತ್ತೇವೆ ನಾವು. ರೇಡಿಯೋದಲ್ಲಿ ಒಳ್ಳೆಯ ಹಾಡು ಬಂದಾಗ ಮೇಜು ಒರೆಸುವ ಕೈ ಅಲ್ಲೇ ನಿಂತದ್ದನ್ನು ಹೋಟೆಲಿನಲ್ಲಿ ದುಡಿದ ನಾವೆಲ್ಲ ಕಂಡಿಲ್ಲವೇ? ಆ ಕೈ ಸಾಕು. ಚಂದ್ರಸಾನಿಯ ಪ್ರೇಮಕ್ಕೂ ಸಿನಿಮಾ ಪೋಸ್ಟರಿನ ಅಪ್ಪುಗೆ ಬೇಡ. ಗಾಯಕ ನಾಲಗೆ ಕೊಯ್ದುಕೊಳ್ಳುವಲ್ಲಿ ನೆತ್ತರೂ ಬೇಡ. ಮಾತಿಲ್ಲದ ಒಂದು ಬಿಳಿ ಚೌಕ ಬಿಡೋಣ.

ಇನ್ನೊಂದು ಮಾತು. ತ.ರಾ.ಸು. ತೀರಿಕೊಂಡದ್ದು 1984ರಲ್ಲಿ, ಕೃತಿಯ ಹಕ್ಕು 2044ರ ಕೊನೆಯವರೆಗೆ ಉಳಿದಿದೆ. ಹಕ್ಕುದಾರರ ಒಪ್ಪಿಗೆ ಕೈಸೇರುವ ತನಕ ಒಂದು ಗೆರೆಯೂ ಅಚ್ಚಿಗೆ ಹೋಗಕೂಡದು. ಆ ಕಾಗದವನ್ನು ಈ ವಾರವೇ ಬರೆಯುತ್ತೇವೆ.